ದೇಹದ ಗಡಿಯಾರ ತಪ್ಪಿದರೆ ಶುಗರ್, ಹೃದಯ, ಮನಸ್ಸಿಗೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎಷ್ಟು ಗಂಟೆ ನಿದ್ದೆ ಮಾಡುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಯಾವಾಗ ಮಲಗುತ್ತೀರಿ, ದಿನವೂ ಅದೇ ಹೊತ್ತಿಗಾ, ರಾತ್ರಿ ಕೊನೆಯ ತುತ್ತು ಎಷ್ಟು ಹೊತ್ತಿಗೆ, ಬೆಳಗ್ಗೆ ಮನೆಯಿಂದ ಹೊರಗೆ ಬರುತ್ತೀರಾ ಎಂದು ಕೇಳುವವರು ಕಡಿಮೆ. ಶುಗರ್ ಏರುವುದು, ಬಿಪಿ ಇಳಿಯದಿರುವುದು, ಕಾರಣವಿಲ್ಲದೆ ಮನಸ್ಸು ಕುಗ್ಗುವುದು, ಇವಕ್ಕೆಲ್ಲ ಎಷ್ಟೋ ಸಲ ಈ ಕೇಳದೆ ಉಳಿದ ಪ್ರಶ್ನೆಗಳ ಜೊತೆ ನಂಟಿರುತ್ತದೆ. ಅದಕ್ಕೇ ಈ ಪುಟ.

ದೇಹದೊಳಗೆ ಗಡಿಯಾರ ಇದೆ ಎನ್ನುವುದು ಸುಮ್ನೆ ಹೇಳುವ ಮಾತಾ, ನಿಜವಾಗಿಯೂ ಇದೆಯಾ?

ನಿಜವಾಗಿಯೂ ಇದೆ. ಎರಡೂ ಕಣ್ಣಿನ ನರಗಳು ಮಿದುಳಿನ ಬುಡದಲ್ಲಿ ಒಂದನ್ನೊಂದು ಹಾಯುವ ಜಾಗ ಇದೆಯಲ್ಲ, ಅದರ ಸ್ವಲ್ಪ ಮೇಲೆ ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದಿದೆ. ಅದೇ ಮುಖ್ಯ ಗಡಿಯಾರ. ಲಿವರ್, ಹೃದಯ, ಕಿಡ್ನಿ, ಸ್ನಾಯು, ಕೊಬ್ಬು, ಹೀಗೆ ಹೆಚ್ಚುಕಡಿಮೆ ಎಲ್ಲ ಅಂಗಗಳ ಜೀವಕೋಶಗಳಲ್ಲೂ ಅದರದರದೇ ಗಡಿಯಾರಗಳಿವೆ.

ಇವು ನಡೆಯುವ ಬಗೆ ಸೊಗಸಾಗಿದೆ. ಕೆಲವು ಜೀನ್‌ಗಳು ಒಂದಿಷ್ಟು ಪ್ರೋಟೀನ್ ತಯಾರಿಸುತ್ತವೆ. ಪ್ರೋಟೀನ್ ಸಾಕಷ್ಟು ಸೇರಿದ ಮೇಲೆ ತನ್ನನ್ನು ತಯಾರಿಸಿದ ಜೀನ್‌ಗಳನ್ನೇ ತಡೆಯುತ್ತದೆ. ಆಮೇಲೆ ಆ ಪ್ರೋಟೀನ್ ನಿಧಾನವಾಗಿ ಒಡೆದು ಹೋಗುತ್ತದೆ, ತಡೆ ಸರಿಯುತ್ತದೆ, ಜೀನ್ ಮತ್ತೆ ಕೆಲಸ ಶುರು ಮಾಡುತ್ತದೆ. ಇಂಥ ಒಂದು ಸುತ್ತಿಗೆ ಸುಮಾರು 24 ಗಂಟೆ. ಹಣ್ಣಿನ ನೊಣಗಳಲ್ಲಿ ಇದನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕಲ್ ರಾಸ್‌ಬಾಷ್, ಮೈಕಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

ಸುಳಿವು ಸಿಕ್ಕಿದ್ದು ಮಾತ್ರ ಅದಕ್ಕಿಂತ ಎಷ್ಟೋ ಮೊದಲು. 1729ರಲ್ಲಿ ಡಿ ಮೇರಾನ್ ಎಂಬ ಫ್ರೆಂಚ್ ವಿಜ್ಞಾನಿ ಮುಟ್ಟಿದರೆ ಮುನಿ ಜಾತಿಯ ಗಿಡವನ್ನು ಕತ್ತಲಲ್ಲಿ ಇಟ್ಟು ನೋಡಿದರು. ಬಿಸಿಲೇ ಬೀಳದಿದ್ದರೂ ಹಗಲಿಗೆ ಎಲೆ ಬಿಚ್ಚಿಕೊಳ್ಳುತ್ತಿತ್ತು, ರಾತ್ರಿಗೆ ಮುಚ್ಚಿಕೊಳ್ಳುತ್ತಿತ್ತು. ಮನುಷ್ಯರ ಮೇಲೂ ಇಂಥದ್ದು ನಡೆದಿದೆ. 1962ರಲ್ಲಿ ಮಿಶೆಲ್ ಸಿಫ್ರ್ ಎಂಬ ಯುವಕ ಕೈಯಲ್ಲಿ ವಾಚಿಲ್ಲದೆ ಆಲ್ಪ್ಸ್ ಬೆಟ್ಟದ ಗುಹೆಯೊಂದರಲ್ಲಿ ಎರಡು ತಿಂಗಳು ಒಬ್ಬರೇ ಇದ್ದರು. ಸೆಪ್ಟೆಂಬರ್ 14ರಂದು ಅವಧಿ ಮುಗಿಯಿತು ಎಂದಾಗ ಅವರು ಇನ್ನೂ ಆಗಸ್ಟ್ 20 ಎಂದುಕೊಂಡಿದ್ದರು. ಮನಸ್ಸಿನ ಲೆಕ್ಕ ಅಷ್ಟು ತಪ್ಪಿತ್ತು. ಆದರೆ ಅವರು ಮಲಗಿ ಏಳುತ್ತಿದ್ದ ಸುತ್ತು ಮಾತ್ರ 24 ಗಂಟೆಗಿಂತ ಸ್ವಲ್ಪವೇ ಜಾಸ್ತಿ ಇತ್ತು.

ಹೊರಗೆ ಹಗಲೋ ರಾತ್ರಿಯೋ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಮುಖ್ಯವಾಗಿ ಬೆಳಕಿನಿಂದ. ಮನುಷ್ಯರ ಒಳಗಡಿಯಾರ ಸರಾಸರಿ 24 ಗಂಟೆ 10 ನಿಮಿಷದ ಸುಮಾರಿಗೆ ಓಡುತ್ತದೆ. ಅಂದರೆ ದಿನಾ ಸ್ವಲ್ಪ ಹಿಂದೆ ಬೀಳುತ್ತದೆ, ದಿನಾ ಸರಿಮಾಡಬೇಕು. ಆ ಕೆಲಸ ಬೆಳಗಿನ ಬೆಳಕಿನದು. ಕಣ್ಣಿನ ಹಿಂಪರದೆಯಲ್ಲಿ ನೋಡುವುದಕ್ಕಲ್ಲದೆ ಬೆಳಕಿನ ಪ್ರಮಾಣ ಅಳೆಯುವುದಕ್ಕೆಂದೇ ಇರುವ ಕೆಲವು ಕೋಶಗಳಿವೆ. ಅವುಗಳಲ್ಲಿ ಮೆಲನಾಪ್ಸಿನ್ ಎಂಬ ವಸ್ತು ಇರುತ್ತದೆ. ನೀಲಿ ಬೆಳಕಿಗೆ ಅದು ಚುರುಕು. ಈ ಕೋಶಗಳಿಂದ ಮುಖ್ಯ ಗಡಿಯಾರಕ್ಕೆ ನೇರ ತಂತಿ.

ಬೆಳಕನ್ನು ಅಳೆಯುವ ಮಾನ ಲಕ್ಸ್. ಮನೆಯೊಳಗಿನ ದೀಪದ ಬೆಳಕು ಸಾಮಾನ್ಯವಾಗಿ 100ರಿಂದ 500 ಲಕ್ಸ್. ಮೋಡ ಮುಸುಕಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಒಳ್ಳೆ ಬಿಸಿಲಿದ್ದರೆ ಒಂದು ಲಕ್ಷದ ಹತ್ತಿರ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಂಡುಬಿಡುತ್ತದೆ, ಹಾಗಾಗಿ ವ್ಯತ್ಯಾಸ ಇಷ್ಟೊಂದು ಎಂದು ಅನ್ನಿಸುವುದೇ ಇಲ್ಲ. ದೇಹದ ಗಡಿಯಾರಕ್ಕೆ ಅನ್ನಿಸುತ್ತದೆ.

ಎರಡನೆಯ ಸೂಚನೆ ಊಟ. ಲಿವರಿನ ಗಡಿಯಾರ ಬೆಳಕಿಗಿಂತ ಊಟದ ಹೊತ್ತಿಗೆ ಕಿವಿಗೊಡುತ್ತದೆ. ತೊಂದರೆಯ ಬೀಜ ಇಲ್ಲೇ ಇದೆ. ಹೊರಗೆ ಕತ್ತಲು, ಹೊಟ್ಟೆಗೆ ಊಟ ಬಂತು ಅಂದರೆ ಮಿದುಳು ರಾತ್ರಿ ಎನ್ನುತ್ತದೆ, ಲಿವರ್ ಹಗಲು ಎನ್ನತೊಡಗುತ್ತದೆ.

ಲಯ ತಪ್ಪುವುದು ಎಂದರೆ ನಿದ್ದೆ ಕಡಿಮೆಯಾಗುವುದು, ಅಷ್ಟೇ ಅಲ್ವಾ?

ಅಲ್ಲ. ಎರಡೂ ಜೊತೆಯಲ್ಲಿ ಬರುವುದು ಜಾಸ್ತಿ, ಅದಕ್ಕೇ ಗೊಂದಲ. ನಿದ್ದೆ ಕಡಿಮೆಯಾಗುವುದು ಒಂದು ತೊಂದರೆ. ನಿದ್ದೆ, ಊಟ, ಬೆಳಕು ಒಂದೊಂದೂ ಒಂದೊಂದು ಹೊತ್ತಿಗೆ ಬೀಳುವುದು ಇನ್ನೊಂದು ತೊಂದರೆ. ಒಂದು ಆಫೀಸಿನಲ್ಲಿ ಬಾಗಿಲು ತೆಗೆಯುವವರು, ಹಣ ಕಟ್ಟಿಸಿಕೊಳ್ಳುವವರು, ಸಹಿ ಹಾಕುವವರು ಬೇರೆ ಬೇರೆ ಹೊತ್ತಿಗೆ ಬಂದು ಹೋದರೆ, ಪ್ರತಿಯೊಬ್ಬರೂ ಪೂರಾ ಎಂಟು ಗಂಟೆ ದುಡಿದರೂ ಒಂದು ಕಾಗದವೂ ಮುಂದೆ ಹೋಗುವುದಿಲ್ಲ. ದೇಹದೊಳಗೂ ಹಾಗೇ ಆಗುತ್ತದೆ.

ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್‌ನ ಜನರ ಆರೋಗ್ಯದ ಮಾಹಿತಿ ಕೂಡಿಡುವ ಯುಕೆ ಬಯೋಬ್ಯಾಂಕ್ ಯೋಜನೆಯಲ್ಲಿ ಮಣಿಕಟ್ಟಿಗೆ ಚಲನೆ ಅಳೆಯುವ ಸಾಧನ ಕಟ್ಟಿಕೊಂಡಿದ್ದ ಸುಮಾರು 60,000 ಜನರ ಲೆಕ್ಕ ನೋಡಿದಾಗ, ಸಾವಿನ ಅಪಾಯದ ಸುಳಿವು ನಿದ್ದೆಯ ಗಂಟೆಗಳಿಗಿಂತ ನಿದ್ದೆಯ ನಿಯಮದಲ್ಲಿ ಜಾಸ್ತಿ ಸಿಕ್ಕಿತು. ಇಲ್ಲಿ ನಿಯಮ ಅಂದರೆ ದಿನವೂ ಒಂದೇ ಹೊತ್ತಿಗೆ ಮಲಗಿ ಏಳುವುದು. ನನಗೆ ಇದು ಬಹಳ ದೊಡ್ಡ ವಿಷಯ. ಮಲಗುವ ಗಂಟೆಗಳನ್ನು ಹೆಚ್ಚಿಸಿಕೊಳ್ಳುವುದು ಎಲ್ಲರ ಕೈಯಲ್ಲೂ ಇರುವುದಿಲ್ಲ. ಏಳುವ ಹೊತ್ತನ್ನು ಒಂದೇ ಕಡೆ ನಿಲ್ಲಿಸುವುದು ಬಹಳ ಜನರಿಗೆ ಸಾಧ್ಯ.

ಹಗಲು ತಿಂದರೂ ರಾತ್ರಿ ತಿಂದರೂ ಕ್ಯಾಲೊರಿ ಅಷ್ಟೇ ತಾನೇ? ರಾತ್ರಿ ತಿಂದರೆ ಶುಗರ್ ಯಾಕೆ ಜಾಸ್ತಿ ಆಗಬೇಕು?

ಕ್ಯಾಲೊರಿ ಅಷ್ಟೇ. ಅದನ್ನು ಬರಮಾಡಿಕೊಳ್ಳುವ ದೇಹ ಅದೇ ಸ್ಥಿತಿಯಲ್ಲಿ ಇರುವುದಿಲ್ಲ.

ಬೆಳಗಿನ ಹೊತ್ತು ನಮ್ಮ ಜೀವಕೋಶಗಳು ಇನ್ಸುಲಿನ್ ಮಾತನ್ನು ಚೆನ್ನಾಗಿ ಕೇಳುತ್ತವೆ. ಸಂಜೆ ಕಳೆದಂತೆ ಅದು ತಗ್ಗುತ್ತದೆ. ಕತ್ತಲಾಗಿ, ರಾತ್ರಿಯಾಯಿತು ಎಂದು ದೇಹಕ್ಕೆ ಹೇಳುವ ಮೆಲಟೋನಿನ್ ಎಂಬ ಹಾರ್ಮೋನು ಏರತೊಡಗಿದ ಮೇಲೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುವುದನ್ನೂ ಕಡಿಮೆ ಮಾಡುತ್ತದೆ. ಯಾಕೆಂದರೆ ಆ ಗ್ರಂಥಿಯ ಕೋಶಗಳಲ್ಲೇ ಮೆಲಟೋನಿನ್ ಬಂದು ಕೂರುವ ಜಾಗಗಳಿವೆ. ರಾತ್ರಿ ಊಟ ಬರುವುದಿಲ್ಲ, ಇನ್ಸುಲಿನ್ ಬೇಕಾಗುವುದಿಲ್ಲ ಎಂಬ ಅಂದಾಜಿನ ಮೇಲೆ ದೇಹ ಕಟ್ಟಿಕೊಂಡಿರುವ ವ್ಯವಸ್ಥೆ ಇದು. ನೈಟ್ ಶಿಫ್ಟಿನಲ್ಲಿ ಇರುವವರು ಬೆಳಗಿನ ಜಾವ ಮೂರು ಗಂಟೆಗೆ ಡಬ್ಬಿ ಬಿಚ್ಚುತ್ತಾರೆ ಎಂದುಕೊಳ್ಳಿ. ಆಗ ಮೈ ಬಿಸಿ ದಿನದಲ್ಲೇ ಅತಿ ಕಡಿಮೆ ಮಟ್ಟದ ಹತ್ತಿರ ಇರುತ್ತದೆ, ಜಠರ ನಿಧಾನ, ಕರುಳು ನಿಧಾನ, ಇನ್ಸುಲಿನ್ ಕಡಿಮೆ. ತಿಂದ ಸಕ್ಕರೆ ಅಂಶ ರಕ್ತದಲ್ಲೇ ಜಾಸ್ತಿ ಹೊತ್ತು ಸುತ್ತುತ್ತದೆ. ಅದೇ ಡಬ್ಬಿಯನ್ನು ಮಧ್ಯಾಹ್ನ ಬಿಚ್ಚಿದ್ದರೆ ಶುಗರ್ ಅಷ್ಟು ಏರುತ್ತಿರಲಿಲ್ಲ.

2009ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ಹತ್ತು ಜನ ಆರೋಗ್ಯವಂತರನ್ನು ಹಗಲು ರಾತ್ರಿ ತಿಳಿಯದ ಕೋಣೆಯಲ್ಲಿಟ್ಟು 28 ಗಂಟೆಯ ದಿನದ ಮೇಲೆ ಬದುಕಿಸಿದರು. ಹೀಗೆ ಮಾಡಿದರೆ ಊಟ ನಿದ್ದೆ ದಿನದಿಂದ ದಿನಕ್ಕೆ ಜರುಗಿ, ಒಂದು ಹಂತದಲ್ಲಿ ಒಳಗಡಿಯಾರಕ್ಕೆ ಪೂರಾ ಉಲ್ಟಾ ಆಗುತ್ತದೆ. ಹಾಗೆ ಉಲ್ಟಾ ಆದಾಗ ಹೊಟ್ಟೆ ತುಂಬಿತು ಎಂದು ಹೇಳುವ ಲೆಪ್ಟಿನ್ ಹಾರ್ಮೋನು ಶೇ 17 ಇಳಿಯಿತು. ರಕ್ತದ ಗ್ಲೂಕೋಸ್ ಶೇ 6 ಏರಿತು, ಇನ್ಸುಲಿನ್ ಶೇ 22 ಏರಿದರೂ ಗ್ಲೂಕೋಸ್ ತಗ್ಗಲಿಲ್ಲ. ಲೆಕ್ಕ ಸಿಕ್ಕ ಎಂಟು ಜನರಲ್ಲಿ ಮೂವರ ಶುಗರ್ ಊಟದ ನಂತರ ಪ್ರಿಡಯಾಬಿಟಿಸ್, ಅಂದರೆ ಡಯಾಬಿಟಿಸ್‌ಗೆ ಹಿಂದಿನ ಹಂತದ ಮಟ್ಟ ಮುಟ್ಟಿತು. ಕೆಲವೇ ದಿನಗಳಲ್ಲಿ! ಇವರು ಕಾಯಿಲೆ ಇದ್ದವರಲ್ಲ, ಊಟ ಜಾಸ್ತಿ ಮಾಡಿದವರೂ ಅಲ್ಲ.

ತೂಕವೂ ಹೆಚ್ಚುತ್ತದಾ?

ಹೆಚ್ಚುವ ಕಡೆಗೆ ದೇಹ ವಾಲುತ್ತದೆ. 2022ರ ಒಂದು ಪ್ರಯೋಗದಲ್ಲಿ ತೂಕ ಜಾಸ್ತಿ ಇದ್ದವರಿಗೆ ಅದೇ ಊಟವನ್ನು ಸುಮಾರು ನಾಲ್ಕು ಗಂಟೆ ತಡವಾಗಿ ಕೊಟ್ಟರು. ಹಸಿವು ಹೆಚ್ಚಿತು, ದೇಹ ಖರ್ಚು ಮಾಡುವ ಶಕ್ತಿ ಕಡಿಮೆಯಾಯಿತು, ಕೊಬ್ಬಿನ ಕೋಶಗಳೂ ಕೂಡಿಡುವ ಕಡೆಗೆ ತಿರುಗಿದವು. ಜೊತೆಗೆ ನಿದ್ದೆಗೆಟ್ಟ ಮಿದುಳು ಸಿಹಿಯನ್ನೂ ಕರಿದಿದ್ದನ್ನೂ ಕೇಳುತ್ತದೆ. ಇದನ್ನು ಬಾಯಿಚಪಲ ಎಂದು ಕರೆದು ಯಾರನ್ನೂ ಹೀಯಾಳಿಸಬೇಡಿ.

ಹಾರ್ಟ್ ಅಟ್ಯಾಕ್ ಬೆಳಗಿನ ಹೊತ್ತೇ ಜಾಸ್ತಿ ಎನ್ನುತ್ತಾರೆ. ನಿಜವಾ?

ನಿಜ. ಬೆಳಗ್ಗೆ ಆರರಿಂದ ಮಧ್ಯಾಹ್ನ ಹನ್ನೆರಡರ ಒಳಗೆ ಹೃದಯಾಘಾತಗಳು ಜಾಸ್ತಿ ಎನ್ನುವುದು 1985ರಿಂದಲೇ ಸ್ಪಷ್ಟವಾಗಿದೆ. ಏಳುವ ಹೊತ್ತಿಗೆ ದೇಹವನ್ನು ಚುರುಕಾಗಿಸುವ ಕಾರ್ಟಿಸಾಲ್ ಹಾರ್ಮೋನು ಏರುತ್ತದೆ, ಎದ್ದು ನಿಂತ ಕೂಡಲೇ ಅಡ್ರಿನಲಿನ್ ಏರುತ್ತದೆ, ಬಿಪಿ ಮತ್ತು ಹೃದಯದ ಬಡಿತ ಎರಡೂ ಮೇಲೆ ಹೋಗುತ್ತವೆ. ರಕ್ತದ ಪ್ಲೇಟ್‌ಲೆಟ್‌ಗಳು ಸ್ವಲ್ಪ ಅಂಟಂಟಾಗುತ್ತವೆ. ಹೆಪ್ಪನ್ನು ಕರಗಿಸುವ ವ್ಯವಸ್ಥೆಗೆ ತಡೆ ಒಡ್ಡುವ ಪ್ರೋಟೀನೊಂದು ಅದೇ ಹೊತ್ತಿಗೆ ತನ್ನ ತುದಿ ಮುಟ್ಟುತ್ತದೆ. ರಕ್ತನಾಳ ಸರಿಯಿದ್ದವರಿಗೆ ಇದೆಲ್ಲ ದಿನದ ಕೆಲಸಕ್ಕೆ ತಯಾರಾಗುವುದು, ಅಷ್ಟೇ. ಮೊದಲೇ ರಕ್ತನಾಳದಲ್ಲಿ ಕೊಬ್ಬು ಕಟ್ಟಿದವರಿಗೆ ಆ ಹೊತ್ತು ಸೂಕ್ಷ್ಮ.

ಗಡಿಯಾರವನ್ನು ಬರೀ ಒಂದು ಗಂಟೆ ಮುಂದಕ್ಕೆ ತಳ್ಳಿದರೂ ಹೃದಯಕ್ಕೆ ಗೊತ್ತಾಗುತ್ತದೆ. ಕೆಲವು ದೇಶಗಳಲ್ಲಿ ಬೇಸಿಗೆಗೆ ಮುನ್ನ ಎಲ್ಲರ ಗಡಿಯಾರವನ್ನೂ ಒಂದು ಗಂಟೆ ಮುಂದೆ ಮಾಡುತ್ತಾರೆ. ಸ್ವೀಡನ್ನಿನ ದಾಖಲೆಗಳನ್ನು ನೋಡಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹಾಗೆ ಮಾಡಿದ ನಂತರದ ವಾರ ಹೃದಯಾಘಾತಗಳು ಶೇ 5ರಷ್ಟು ಜಾಸ್ತಿ ಇದ್ದವು. ಒಂದು ಗಂಟೆ, ಅದೂ ವರ್ಷಕ್ಕೊಮ್ಮೆ. ವಾರಕ್ಕೊಮ್ಮೆ ಶಿಫ್ಟ್ ಬದಲಾಗುವವರ ಪಾಡು ಯೋಚಿಸಿ.

ಬಹಳ ವರ್ಷ ಪಾಳಿ ಬದಲಾಯಿಸುತ್ತ ರಾತ್ರಿ ಕೆಲಸ ಮಾಡಿದವರಲ್ಲಿ ಹೃದಯದ ಕಾಯಿಲೆಯ ಅಪಾಯ ಸ್ವಲ್ಪ ಹೆಚ್ಚು ಎಂದು ಅಮೆರಿಕದ ನರ್ಸ್‌ಗಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನ ತೋರಿಸಿದೆ. ಟೈಪ್ 2 ಡಯಾಬಿಟಿಸ್ ವಿಚಾರದಲ್ಲೂ ಹಾಗೇ, ವರ್ಷ ಹೆಚ್ಚಿದಷ್ಟೂ ಅಪಾಯ ಹೆಚ್ಚು. "ಸ್ವಲ್ಪ" ಎಂಬ ಮಾತನ್ನು ನೆನಪಿಡಿ. ನೈಟ್ ಶಿಫ್ಟ್ ಮಾಡಿದವರಿಗೆಲ್ಲ ಹೃದಯ ಕೆಡುತ್ತದೆ ಎಂದಲ್ಲ. ಬಿಪಿ, ಶುಗರ್, ಸಿಗರೇಟು ಇವುಗಳ ಮೇಲೆ ಅವರು ಕಣ್ಣಿಡಬೇಕಾದ ಅಗತ್ಯ ಬೇರೆಯವರಿಗಿಂತ ಜಾಸ್ತಿ ಎಂದು.

ನಾನು ನೈಟ್ ಶಿಫ್ಟ್ ಮಾಡುವುದಿಲ್ಲ. ಮಲಗುವ ಹೊತ್ತು ಮಾತ್ರ ದಿನಕ್ಕೊಂದು. ನನಗೂ ಇದು ಅನ್ವಯಿಸುತ್ತದಾ?

ಅನ್ವಯಿಸುತ್ತದೆ. 45ರಿಂದ 84 ವಯಸ್ಸಿನ, ಮೊದಲಿಗೆ ಹೃದಯದ ಕಾಯಿಲೆ ಇಲ್ಲದ ಸುಮಾರು 2,000 ಜನರನ್ನು ಅಮೆರಿಕದಲ್ಲಿ ಐದು ವರ್ಷದಷ್ಟು ಹಿಂಬಾಲಿಸಿದರು. ಮಲಗುವ ಹೊತ್ತು ದಿನದಿಂದ ದಿನಕ್ಕೆ ಒಂದೂವರೆ ಗಂಟೆಗಿಂತ ಜಾಸ್ತಿ ಏರುಪೇರಾಗುತ್ತಿದ್ದವರಲ್ಲಿ ಹೃದಯ, ರಕ್ತನಾಳದ ತೊಂದರೆಗಳು ನಿಯಮವಾಗಿ ಮಲಗುವವರಿಗಿಂತ ಸುಮಾರು ಎರಡರಷ್ಟು ಕಂಡವು. ಒಂದು ಮತ್ತೊಂದಕ್ಕೆ ನೇರ ಕಾರಣ ಎಂದು ಇಂಥ ಅಧ್ಯಯನ ಹೇಳಲಾರದು. ಕಾಯಿಲೆಯ ಮೊದಲ ಹಂತವೇ ನಿದ್ದೆ ಕೆಡಿಸಿರಬಹುದು. ಆದರೂ ಸುಮ್ನೆ ತಳ್ಳಿಹಾಕುವ ಸಂಗತಿ ಅಲ್ಲ.

ಹಗಲು ನೋಡಿದರೆ ಬಿಪಿ ಸರಿಯಾಗಿದೆ. ಡಾಕ್ಟರ್ 24 ಗಂಟೆಯ ಬಿಪಿ ಯಾಕೆ ನೋಡಬೇಕು ಎನ್ನುತ್ತಾರೆ?

ನಿದ್ದೆಯಲ್ಲಿ ಬಿಪಿ ಹಗಲಿಗಿಂತ ಶೇ 10ರಿಂದ 20ರಷ್ಟು ಇಳಿಯಬೇಕು. ರಕ್ತನಾಳಗಳಿಗೆ ಅದೇ ವಿಶ್ರಾಂತಿ. ಕೆಲವರಲ್ಲಿ ಇಳಿಯುವುದಿಲ್ಲ. ಅವರಿಗೆ ಹೃದಯ, ಸ್ಟ್ರೋಕ್, ಕಿಡ್ನಿ ತೊಂದರೆಯ ಅಪಾಯ ಜಾಸ್ತಿ. ಲಯ ತಪ್ಪುವುದು, ಗೊರಕೆಯ ಜೊತೆ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ, ಡಯಾಬಿಟಿಸ್, ಕಿಡ್ನಿ ಕಾಯಿಲೆ ಇವೆಲ್ಲ ಇದಕ್ಕೆ ಕಾರಣ ಆಗಬಹುದು. ಕ್ಲಿನಿಕ್ಕಿನಲ್ಲಿ ಒಂದು ಸಲ ಪಟ್ಟಿ ಕಟ್ಟಿ ನೋಡಿದರೆ ಇದು ಕಾಣುವುದೇ ಇಲ್ಲ.

ಒಂದು ಎಚ್ಚರಿಕೆ. ಬಿಪಿ ಮಾತ್ರೆಯನ್ನು ಬೆಳಗಿಂದ ರಾತ್ರಿಗೆ, ರಾತ್ರಿಯಿಂದ ಬೆಳಗ್ಗೆಗೆ ನೀವೇ ಬದಲಾಯಿಸಿಕೊಳ್ಳಬೇಡಿ. ಕೇಳಿ ಮಾಡಿ.

ಮನಸ್ಸು ಕುಗ್ಗಿದ್ದಕ್ಕೆ ನಿದ್ದೆ ಕೆಡುತ್ತದಾ, ನಿದ್ದೆ ಕೆಟ್ಟಿದ್ದಕ್ಕೆ ಮನಸ್ಸು ಕುಗ್ಗುತ್ತದಾ?

ಎರಡೂ. ಒಂದು ಇನ್ನೊಂದನ್ನು ಎಳೆಯುತ್ತದೆ, ಸುತ್ತು ಬಿಗಿಯಾಗುತ್ತ ಹೋಗುತ್ತದೆ. ಇದನ್ನು ಬಿಡಿಸಿ ಹೇಳುವುದು ಮುಖ್ಯ, ಯಾಕೆಂದರೆ ಖಿನ್ನತೆಯಲ್ಲಿ ಇರುವವರು "ನಾನೇ ಸೋಮಾರಿ, ಬೆಳಗ್ಗೆ ಏಳಲಾರೆ" ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಮನೆಯವರೂ ಅದನ್ನೇ ಹೇಳುತ್ತಾರೆ. ಬೆಳಗಿನ ಜಾವ ಬೇಗ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಬೆಳಗ್ಗೆ ಮನಸ್ಸು ತೀರಾ ಭಾರವಾಗಿ ಸಂಜೆಗೆ ಸ್ವಲ್ಪ ಹಗುರಾಗುವುದು, ಇವು ಖಿನ್ನತೆಯ ಲಕ್ಷಣಗಳಾಗಿ ಬಹಳ ಹಿಂದಿನಿಂದ ವೈದ್ಯರಿಗೆ ಗೊತ್ತು. ಇದು ಸೋಮಾರಿತನ ಅಲ್ಲ.

2018ರಲ್ಲಿ ಯುಕೆ ಬಯೋಬ್ಯಾಂಕ್‌ನ ಸುಮಾರು 91,000 ಜನರ ಚಲನೆಯ ದಾಖಲೆ ನೋಡಿದರು. ಹಗಲು ಚುರುಕು, ರಾತ್ರಿ ಶಾಂತ, ಹೀಗೆ ಎರಡಕ್ಕೂ ಅಂತರ ಚೆನ್ನಾಗಿ ಇರಬೇಕು. ಹಗಲು ಮಂಕು, ರಾತ್ರಿ ಚಡಪಡಿಕೆ ಎಂದು ಆ ಅಂತರ ಕಡಿಮೆಯಾದವರಲ್ಲಿ ಖಿನ್ನತೆ, ಮನಸ್ಸು ಒಮ್ಮೆ ತೀರಾ ಕುಗ್ಗಿ ಇನ್ನೊಮ್ಮೆ ವಿಪರೀತ ಉಬ್ಬುವ ಬೈಪೋಲಾರ್ ಕಾಯಿಲೆ, ಒಂಟಿತನದ ಭಾವ ಜಾಸ್ತಿ ಕಂಡವು. 2023ರಲ್ಲಿ ಅದೇ ಯೋಜನೆಯ 87,000ದಷ್ಟು ಜನರ ಬೆಳಕಿನ ಲೆಕ್ಕ ಬಂತು. ರಾತ್ರಿ ಬೆಳಕು ಹೆಚ್ಚು ಬಿದ್ದವರಲ್ಲಿ ಖಿನ್ನತೆ ಜಾಸ್ತಿ, ಹಗಲು ಬೆಳಕು ಹೆಚ್ಚು ಕಂಡವರಲ್ಲಿ ಕಡಿಮೆ.

ಬೆಳಕು ಕಾರಣವೂ ಹೌದು, ಮದ್ದೂ ಹೌದು. ಚಳಿಗಾಲದಲ್ಲಿ ಹಗಲು ಬಹಳ ಚಿಕ್ಕದಾಗುವ ದೇಶಗಳಲ್ಲಿ ಕೆಲವರಿಗೆ ಪ್ರತಿವರ್ಷ ಅದೇ ಕಾಲದಲ್ಲಿ ಖಿನ್ನತೆ ಬರುತ್ತದೆ. 1984ರಲ್ಲಿ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ಅದನ್ನು ಬಣ್ಣಿಸಿ, ಪ್ರಖರ ಬೆಳಕಿನ ಚಿಕಿತ್ಸೆಯನ್ನೂ ತೋರಿಸಿದರು. ಇವತ್ತಿಗೂ ಬೆಳಗ್ಗೆ ಅರ್ಧ ಗಂಟೆ 10,000 ಲಕ್ಸ್ ದೀಪದ ಮುಂದೆ ಕೂರುವುದು ಅದಕ್ಕೆ ಒಪ್ಪಿತ ಚಿಕಿತ್ಸೆ.

ಬೈಪೋಲಾರ್ ಇರುವವರು ಯಾಕೆ ಇಷ್ಟು ಕಟ್ಟುನಿಟ್ಟಾಗಿ ಇರಬೇಕು?

ಒಂದು ರಾತ್ರಿಯ ನಿದ್ದೆ ತಪ್ಪಿದರೂ ಕೆಲವರಿಗೆ ಉನ್ಮಾದದ ಹಂತ ಶುರುವಾಗಬಹುದು. ರಾತ್ರಿ ಪ್ರಯಾಣ, ಪರೀಕ್ಷೆಗೆ ರಾತ್ರಿಯಿಡೀ ಓದು, ಸಮಾರಂಭದ ಗಡಿಬಿಡಿ, ಎಲ್ಲವೂ ಅಪಾಯ. ಅದಕ್ಕೇ ಏಳುವುದು, ಊಟ, ಜನರ ಜೊತೆ ಬೆರೆಯುವುದು, ಮಲಗುವುದು, ಎಲ್ಲಕ್ಕೂ ಹೊತ್ತು ಗೊತ್ತುಮಾಡಿ ನಡೆಸುವ ಒಂದು ಚಿಕಿತ್ಸಾ ಕ್ರಮವೇ ಇದೆ. ಔಷಧದ ಜೊತೆಗೆ ಅದು ನಡೆಯುತ್ತದೆ, ಔಷಧದ ಬದಲಿಗೆ ಅಲ್ಲ. ಇಂಥವರು ಮನೆಯಲ್ಲಿದ್ದರೆ ಅವರ ನಿದ್ದೆಯನ್ನು ಮನೆಯವರೆಲ್ಲ ಸೇರಿ ಕಾಯಬೇಕು. ಬೆಳಕಿನ ಚಿಕಿತ್ಸೆಯನ್ನೂ ಅವರು ವೈದ್ಯರನ್ನು ಕೇಳದೆ ಶುರು ಮಾಡಬಾರದು.

ನೈಟ್ ಶಿಫ್ಟ್ ಬಿಡುವ ಹಾಗಿಲ್ಲ. ನಾನೇನು ಮಾಡಲಿ?

ಮೊದಲು ಒಂದು ಮಾತು. ಆಸ್ಪತ್ರೆ, ರೈಲು, ವಿದ್ಯುತ್, ಕಾವಲು ಎಲ್ಲವೂ ರಾತ್ರಿ ನಡೆಯಬೇಕು, ಯಾರಾದರೂ ನಡೆಸಲೇಬೇಕು. ನಿಮ್ಮ ದೇಹ ಕೊಡುತ್ತಿರುವ ಬೆಲೆ ಉಳಿದವರ ಪರವಾಗಿ ಕೊಡುತ್ತಿರುವ ಬೆಲೆ. "ರಾತ್ರಿ ನಿದ್ದೆ ಮಾಡಿ" ಎಂಬ ಉಪದೇಶ ನಿಮಗೆ ಬೇಕಿಲ್ಲ. ಶಿಫ್ಟ್ ಪಟ್ಟಿ ಬರೆಯುವವರ ಜವಾಬ್ದಾರಿಯೇ ಇಲ್ಲಿ ದೊಡ್ಡದು ಎಂದು ನಾನು ನಂಬುತ್ತೇನೆ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೆ ಜರುಗುವ ಪಾಳಿಯನ್ನು ದೇಹ ಹಿಂದಕ್ಕೆ ಜರುಗುವ ಪಾಳಿಗಿಂತ ಸುಲಭವಾಗಿ ತಾಳಿಕೊಳ್ಳುತ್ತದೆ. ಎರಡು ಪಾಳಿಯ ನಡುವೆ 11 ಗಂಟೆಗಿಂತ ಕಡಿಮೆ ಬಿಡುವು ಕೊಟ್ಟರೆ ನಿದ್ದೆಗೆ ಜಾಗವೇ ಉಳಿಯುವುದಿಲ್ಲ. ಇವನ್ನು ಕೇಳಿ ಪಡೆಯಿರಿ.

ನಿಮ್ಮ ಕೈಯಲ್ಲಿ ಇರುವುದರಲ್ಲಿ ಎಲ್ಲಕ್ಕಿಂತ ಮುಖ್ಯ ಊಟದ ಹೊತ್ತು. 2021ರಲ್ಲಿ ಪ್ರಕಟವಾದ ಪ್ರಯೋಗವೊಂದು ನನಗೆ ಬಹಳ ಭರವಸೆ ಕೊಟ್ಟಿದೆ. 19 ಯುವಕ ಯುವತಿಯರನ್ನು ಲ್ಯಾಬಿನಲ್ಲಿ ನೈಟ್ ಶಿಫ್ಟಿನ ಹಾಗೆ ಎಚ್ಚರವಿಟ್ಟರು. ಒಂದು ಗುಂಪು ರಾತ್ರಿಯೂ ಊಟ ಮಾಡಿತು, ಇನ್ನೊಂದು ಹಗಲು ಮಾತ್ರ. ರಾತ್ರಿ ತಿಂದವರ ಗ್ಲೂಕೋಸ್ ಶೇ 6.4 ಏರಿತು. ಹಗಲು ಮಾತ್ರ ತಿಂದವರದು ಹೇಳಿಕೊಳ್ಳುವಷ್ಟು ಏರಲಿಲ್ಲ. ಅದೇ ಜನರ ಮನಸ್ಸಿನ ಲೆಕ್ಕವನ್ನು ಮರುವರ್ಷ ಪ್ರಕಟಿಸಿದರು. ರಾತ್ರಿ ತಿಂದವರಲ್ಲಿ ಕುಗ್ಗಿದ ಭಾವ ಶೇ 26, ಆತಂಕ ಶೇ 16 ಹೆಚ್ಚಿತ್ತು. ಹಗಲು ತಿಂದವರಲ್ಲಿ ಆ ಏರಿಕೆ ಇರಲಿಲ್ಲ. ನಿದ್ದೆಗೆಡುವುದು ಇಬ್ಬರಿಗೂ ಸಮ, ಬೇರೆ ಇದ್ದದ್ದು ಊಟದ ಹೊತ್ತು. ಚಿಕ್ಕ ಪ್ರಯೋಗ, ಲ್ಯಾಬಿನೊಳಗಿನದು, ನಿಜ. ಆದರೆ ಮಾಡಿ ನೋಡುವುದಕ್ಕೆ ಖರ್ಚಿಲ್ಲ.

ಹಾಗಾಗಿ ಕೆಲಸಕ್ಕೆ ಹೋಗುವ ಮುಂಚೆ ಸಂಜೆಯೇ ಮುಖ್ಯ ಊಟ ಮುಗಿಸಿ. ನಡುರಾತ್ರಿಯಿಂದ ಬೆಳಗಿನ ಐದಾರು ಗಂಟೆವರೆಗೆ ನೀರು, ತೀರಾ ಹಸಿವಾದರೆ ಸ್ವಲ್ಪ ಏನಾದರೂ. ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ಮಾತ್ರ ಇದನ್ನು ಡಾಕ್ಟರ್ ಜೊತೆ ಮಾತಾಡಿಯೇ ಮಾಡಬೇಕು, ಶುಗರ್ ಕುಸಿದರೆ ಅಪಾಯ. ಶಿಫ್ಟಿಗೆ ಮುಂಚೆ ಒಂದು ಸಣ್ಣ ನಿದ್ದೆ ತೆಗೆಯಿರಿ. ಶಿಫ್ಟಿನ ಮೊದಲ ಭಾಗದಲ್ಲಿ ಬೆಳಕು ಚೆನ್ನಾಗಿರಲಿ. ಮನೆಗೆ ಬಂದ ಮೇಲೆ ಕೋಣೆ ಪೂರಾ ಕತ್ತಲಿರಲಿ, ಫೋನ್ ಇನ್ನೊಂದು ಕೋಣೆಯಲ್ಲಿರಲಿ, ನೀವು ಮಲಗುವ ಹೊತ್ತು ಮನೆಯವರಿಗೆಲ್ಲ ಗೊತ್ತಿರಲಿ. ರಜೆಯ ದಿನವೂ ನಿದ್ದೆಯ ಒಂದಿಷ್ಟು ಗಂಟೆ ಕೆಲಸದ ದಿನದ ನಿದ್ದೆಯ ಜೊತೆ ಸೇರುವ ಹಾಗೆ ನೋಡಿಕೊಳ್ಳಿ. ಶಿಫ್ಟ್ ಮುಗಿಸಿ ತೂಕಡಿಕೆಯಲ್ಲಿ ಗಾಡಿ ಓಡಿಸಬೇಡಿ. ಇಲ್ಲಿ ಹೇಳಿದ ಎಲ್ಲ ಅಪಾಯಗಳಿಗಿಂತ ಮೊದಲು ಬರುವುದು ಅದು.

ನೈಟ್ ಶಿಫ್ಟಿಗೂ ಕ್ಯಾನ್ಸರ್‌ಗೂ ಸಂಬಂಧ ಇದೆಯಾ?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ಇದನ್ನು "ಬಹುಶಃ ಕ್ಯಾನ್ಸರ್ ತರಬಹುದು" ಎಂಬ ಪಟ್ಟಿಗೆ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ಈ ಪಟ್ಟಿ ಪುರಾವೆ ಎಷ್ಟು ಗಟ್ಟಿ ಎಂದು ಹೇಳುತ್ತದೆ, ಅಪಾಯ ಎಷ್ಟು ದೊಡ್ಡದು ಎಂದು ಹೇಳುವುದಿಲ್ಲ.

ವಾರವಿಡೀ ಕಡಿಮೆ ಮಲಗಿ ಭಾನುವಾರ ಮಧ್ಯಾಹ್ನದವರೆಗೆ ಮಲಗಿದರೆ ಸರಿಹೋಗುತ್ತದಾ?

ಆಯಾಸ ಸ್ವಲ್ಪ ತೀರುತ್ತದೆ. ಗಡಿಯಾರ ಮಾತ್ರ ಹಿಂದೆ ಸರಿಯುತ್ತದೆ. ಶುಕ್ರವಾರ, ಶನಿವಾರ ರಾತ್ರಿ ಎರಡಕ್ಕೆ ಮಲಗಿ ಹತ್ತಕ್ಕೆ ಎದ್ದರೆ, ಭಾನುವಾರ ರಾತ್ರಿ ಹನ್ನೊಂದಕ್ಕೆ ಹಾಸಿಗೆಗೆ ಹೋದರೂ ನಿದ್ದೆ ಬರುವುದಿಲ್ಲ. ಸೋಮವಾರ ಬೆಳಗ್ಗೆ ಆರಕ್ಕೆ ಅಲಾರಾಂ ಹೊಡೆದಾಗ ದೇಹಕ್ಕೆ ಇನ್ನೂ ನಡುರಾತ್ರಿ ಕಳೆದಿರುವುದಿಲ್ಲ. ದೂರದ ದೇಶಕ್ಕೆ ವಿಮಾನದಲ್ಲಿ ಹೋದವರ ಗಡಿಯಾರ ಅಲ್ಲಿನ ಹೊತ್ತಿಗೆ ಹೊಂದದೆ ಒದ್ದಾಡುವುದಕ್ಕೆ ಜೆಟ್ ಲ್ಯಾಗ್ ಎನ್ನುತ್ತಾರೆ. ಇದು ವಿಮಾನ ಹತ್ತದೆಯೇ ಪ್ರತಿವಾರ ಜೆಟ್ ಲ್ಯಾಗ್. ಜರ್ಮನಿಯ ಟಿಲ್ ರೊನ್ನೆಬರ್ಗ್ ಮತ್ತು ಸಂಗಡಿಗರು 2006ರಲ್ಲಿ ಇದಕ್ಕೆ ಸೋಷಿಯಲ್ ಜೆಟ್ ಲ್ಯಾಗ್ ಎಂದು ಹೆಸರಿಟ್ಟರು. ಆಮೇಲಿನ ಅಧ್ಯಯನಗಳಲ್ಲಿ ಇದರ ಜೊತೆ ತೂಕ ಹೆಚ್ಚುವುದು ಕಂಡಿದೆ. ರಜೆಯ ದಿನ ಒಂದು ಗಂಟೆ ತಡವಾಗಿ ಏಳಿ, ಇನ್ನೂ ಸಾಲದಿದ್ದರೆ ಮಧ್ಯಾಹ್ನ ಅರ್ಧ ಗಂಟೆ ಮಲಗಿ.

ಮಗ ರಾತ್ರಿ ಒಂದಾದರೂ ಮಲಗುವುದಿಲ್ಲ, ಬೆಳಗ್ಗೆ ಏಳುವುದಿಲ್ಲ. ಹಠ ಅಲ್ವಾ?

ಫೋನಿನ ಪಾಲು ಇರಬಹುದು. ಆದರೆ ಹರೆಯದಲ್ಲಿ ಗಡಿಯಾರವೇ ತಡಕ್ಕೆ ಜರುಗುತ್ತದೆ, ಎಲ್ಲ ದೇಶಗಳ ಮಕ್ಕಳಲ್ಲೂ. ಅದಕ್ಕೇ ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ ಈ ವಯಸ್ಸಿನವರ ಶಾಲೆ ಬೆಳಗ್ಗೆ 8:30ಕ್ಕೆ ಮುಂಚೆ ಶುರುವಾಗಬಾರದು ಎಂದಿತು. ಬೈಯುವ ಬದಲು ಬೆಳಗ್ಗೆ ಪರದೆ ಸರಿಸಿ, ಹೊರಗೆ ಕರೆದುಕೊಂಡು ಹೋಗಿ.

ರಾತ್ರಿ ಫೋನ್ ನೋಡುವುದು ನಿಜವಾಗಿ ಅಷ್ಟು ಕೆಟ್ಟದ್ದಾ?

ಫೋನಿನ ಬೆಳಕೇ ದೊಡ್ಡ ವಿಲನ್ ಎಂದು ನನಗನ್ನಿಸುವುದಿಲ್ಲ. ಇಡೀ ಸಂಜೆ ತಲೆಯ ಮೇಲೆ ಉರಿಯುವ ಬಿಳಿ ದೀಪಗಳು, ಅದಕ್ಕಿಂತ ಮುಖ್ಯವಾಗಿ ಫೋನ್ ಕೆಳಗಿಡಲಾಗದೆ ಜಾರುವ ಗಂಟೆಗಳು ಹೆಚ್ಚು ಕೆಡುಕು. ಹಗಲು ಚೆನ್ನಾಗಿ ಬಿಸಿಲು ಕಂಡವರಿಗೆ ಸಂಜೆಯ ಬೆಳಕು ಅಷ್ಟು ಕಾಡುವುದೂ ಇಲ್ಲ.

ಮಲಗಿದ ಮೇಲೆ ದೀಪ ಉರಿಯುತ್ತಿರುವುದು ಬೇರೆ ವಿಷಯ. 2022ರ ಒಂದು ಪ್ರಯೋಗದಲ್ಲಿ 100 ಲಕ್ಸ್ ಬೆಳಕಿನಲ್ಲಿ ಒಂದೇ ರಾತ್ರಿ ಮಲಗಿಸಿದರು. ನಿದ್ದೆ ಕೆಟ್ಟಿತು ಎಂದು ಅವರಿಗೆ ಅನ್ನಿಸದಿದ್ದರೂ ರಾತ್ರಿಯ ಹೃದಯ ಬಡಿತ ಏರಿತು, ಬೆಳಗ್ಗೆ ಇನ್ಸುಲಿನ್ ಪ್ರತಿರೋಧ ಹೆಚ್ಚಿತು, ಅಂದರೆ ಜೀವಕೋಶಗಳು ಇನ್ಸುಲಿನ್ ಮಾತು ಕೇಳುವುದು ಕಡಿಮೆಯಾಯಿತು. ಟಿವಿ ಹಾಕಿಕೊಂಡೇ ಮಲಗುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಮೆಲಟೋನಿನ್ ಮಾತ್ರೆ ತಗೊಂಡರೆ?

ಅದು ನಿದ್ದೆ ಮಾತ್ರೆ ಅಲ್ಲ, ರಾತ್ರಿಯಾಯಿತು ಎಂದು ದೇಹಕ್ಕೆ ಹೇಳುವ ಸೂಚನೆ. ದೂರದ ವಿಮಾನ ಪ್ರಯಾಣಕ್ಕೆ, ಗಡಿಯಾರ ತಡಕ್ಕೆ ಜರುಗಿದವರಿಗೆ ಸರಿಯಾದ ಹೊತ್ತಿಗೆ ಕೊಟ್ಟರೆ ಉಪಯೋಗ ಇದೆ. ತಪ್ಪು ಹೊತ್ತಿಗೆ ತಗೊಂಡರೆ ಗಡಿಯಾರ ಬೇಡದ ಕಡೆಗೆ ಸರಿಯುತ್ತದೆ. ಊಟದ ಜೊತೆ ಜೊತೆಗೇ ತಗೊಂಡರೆ ಶುಗರ್ ಏರಬಹುದು. ಕೇಳದೆ ತಗೊಳ್ಳಬೇಡಿ.

ಕಾಫಿ?

ಬೆಳಗ್ಗೆ ಕುಡಿಯಿರಿ. ಮಲಗುವ ಆರು ಗಂಟೆ ಮುಂಚೆ ತಗೊಂಡ 400 ಮಿಲಿಗ್ರಾಂ ಕೆಫೀನ್ ನಿದ್ದೆಯಲ್ಲಿ ಒಂದು ಗಂಟೆಗಿಂತ ಜಾಸ್ತಿ ಕಳೆದದ್ದು 2013ರ ಪ್ರಯೋಗದಲ್ಲಿ ಕಂಡಿದೆ. ಮದ್ಯ ಬೇಗ ನಿದ್ದೆ ತರಿಸಿ, ನಡುರಾತ್ರಿ ಎಬ್ಬಿಸುತ್ತದೆ.

ತಪ್ಪಿದ ಗಡಿಯಾರ ಸರಿಹೋಗಲು ಎಷ್ಟು ದಿನ ಬೇಕು?

ದಿನಕ್ಕೆ ಸುಮಾರು ಒಂದು ಗಂಟೆ ಸರಿಸಬಹುದು. ತಡಕ್ಕೆ ಸರಿಸುವುದು ಸುಲಭ, ಬೇಗಕ್ಕೆ ಸರಿಸುವುದು ಕಷ್ಟ. ಅಮೆರಿಕದ ಕೊಲರಾಡೋದಲ್ಲಿ ಕೆಲವರನ್ನು ವಾರ ಕಾಲ ಬೆಟ್ಟದಲ್ಲಿ ಟೆಂಟ್ ಹಾಕಿ ಇರಿಸಿದರು. ಕರೆಂಟ್ ದೀಪ ಇಲ್ಲ, ಬಿಸಿಲು ಮತ್ತು ಬೆಂಕಿಯ ಬೆಳಕು ಮಾತ್ರ. ಅಷ್ಟರಲ್ಲೇ ಅವರ ಮೆಲಟೋನಿನ್ ಮೊದಲಿಗಿಂತ ಸುಮಾರು ಎರಡು ಗಂಟೆ ಬೇಗ ಏರತೊಡಗಿತು. ತಡವಾಗಿ ಮಲಗುತ್ತಿದ್ದವರಲ್ಲಿ ಬದಲಾವಣೆ ಇನ್ನೂ ಜಾಸ್ತಿ. "ನಾನು ಹುಟ್ಟಾ ಗೂಬೆ" ಎನ್ನುವವರಲ್ಲಿ ಎಷ್ಟೋ ಜನರ ಗೂಬೆತನದಲ್ಲಿ ದೀಪದ ಪಾಲು ದೊಡ್ಡದು.

ಮನೆಯಲ್ಲೇ ಮಾಡುವುದಾದರೆ ಮಲಗುವ ಹೊತ್ತಿನಿಂದ ಶುರು ಮಾಡಬೇಡಿ, ಏಳುವ ಹೊತ್ತಿನಿಂದ ಮಾಡಿ. ಬಾರದ ನಿದ್ದೆಯನ್ನು ಬಲವಂತ ಮಾಡಲಾಗದು, ಏಳುವುದನ್ನು ಮಾಡಬಹುದು. ಎದ್ದು ಒಂದು ಗಂಟೆಯೊಳಗೆ ಇಪ್ಪತ್ತು ಮೂವತ್ತು ನಿಮಿಷ ಹೊರಗಿರಿ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರ ಇರಲಿ. ಎರಡು ವಾರ ಬಿಡದೆ ಮಾಡಿದ ಮೇಲೆ ಫಲ ಇದೆಯೋ ಇಲ್ಲವೋ ನೋಡಿ.

ಡಾಕ್ಟರ್ ಹತ್ತಿರ ಯಾವಾಗ ಹೋಗಬೇಕು?

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟಿದ್ದರೆ ಹೋಗಿ. ಇಂಥ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಸಿಬಿಟಿ-ಐ ಎಂಬ ಮಾತಿನ ಚಿಕಿತ್ಸೆ ಕೊಡಬೇಕು ಎನ್ನುವುದು ಇವತ್ತಿನ ವೈದ್ಯಕೀಯ ಸಲಹೆ, ಅದರ ಬಗ್ಗೆ ಕೇಳಿ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಹಗಲು ಕೂತಲ್ಲೇ ತೂಕಡಿಕೆ ಇದ್ದರೆ ಅಷ್ಟು ದಿನ ಕಾಯಬೇಡಿ. ಎದೆನೋವು, ಏದುಸಿರು ಬಂದರೆ ತಕ್ಷಣ ಆಸ್ಪತ್ರೆ. ಬದುಕೇ ಬೇಡ ಎನ್ನುವ ಯೋಚನೆ ಬಂದರೆ ಅದೇ ದಿನ, ಅದೇ ಹೊತ್ತು, ನಂಬುವ ಒಬ್ಬರಿಗೆ ಹೇಳಿ, ಅವರ ಜೊತೆಗೇ ವೈದ್ಯರ ಹತ್ತಿರ ಹೋಗಿ.

ಹೋಗುವಾಗ ಎರಡು ವಾರದ ಚೀಟಿ ಒಯ್ಯಿರಿ. ಮಲಗಿದ್ದು, ಎದ್ದಿದ್ದು, ಮೊದಲ ಊಟ, ಕೊನೆಯ ಊಟ, ಮಾತ್ರೆ ತಗೊಂಡ ಹೊತ್ತು, ಶಿಫ್ಟ್ ಇದ್ದರೆ ಅದೂ. ಶುಗರ್ ಬಿಪಿ ಮನೆಯಲ್ಲೇ ನೋಡಿಕೊಳ್ಳುವವರು ಅಳೆದ ಹೊತ್ತನ್ನೂ ಪಕ್ಕದಲ್ಲಿ ಬರೆಯಿರಿ. ಡಾಕ್ಟರ್ ಕೇಳದಿದ್ದರೆ ನೀವೇ ಮುಂದಿಡಿ.